ಅಲ್ ಕುದ್ರಾದ ದಾರಿಯಲ್ಲಿ ಸಿಕ್ಕ ಬನ್ನಿ ಮರ

ಶನಿವಾರ ಬೆಳಗ್ಗೆ ನಾಲ್ಕೂಕಾಲಿಗೆ ಎದ್ದು ಕಾರಿನ ಹಿಂದೆ ಸೈಕಲ್ ಕಟ್ಟುತ್ತೇನೆ ಅಂದರೆ ಗದಗಿನಲ್ಲಿ ನಮ್ಮವರು ನಂಬುವುದಿಲ್ಲ. ದುಬೈ ಅಂದ ಕೂಡಲೇ ಅವರ ಕಣ್ಣಿಗೆ ಬರುವುದು ಎತ್ತರದ ಕಟ್ಟಡ, ಮಾಲ್, ಅಗಲವಾದ ರಸ್ತೆಯಲ್ಲಿ ಓಡುವ ಕಾರುಗಳು. "ಅಲ್ಲಿ ಸೈಕಲ್ ಎಲ್ಲಿ ಹೊಡಿತಿಯೋ?" ಅಂತ ಕೇಳುತ್ತಾರೆ. ಫೋನಿನಲ್ಲಿ ಎಷ್ಟು ಹೇಳಿದರೂ ಮುಗಿಯದ ಮಾತು ಇದು. ಅದಕ್ಕೇ ಬರೆಯಲು ಕೂತಿದ್ದೇನೆ.

ನಗರದ ಮಧ್ಯದಿಂದ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆ ಒಳನಾಡಿನ ಕಡೆ ಹೋದರೆ ಅಲ್ ಕುದ್ರಾ ಸಿಗುತ್ತದೆ. ಸುತ್ತಲಿನದೆಲ್ಲ ಅಲ್ ಮರ್ಮೂಮ್ ಮರಳುಗಾಡು ಸಂರಕ್ಷಿತ ಪ್ರದೇಶ. ದುಬೈ ಎಮಿರೇಟಿನ ಒಟ್ಟು ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇದೇ. ಇದಕ್ಕೆ ಸುತ್ತ ಬೇಲಿ ಇಲ್ಲ. ಈ ಮರಳಿನ ನಡುವೆ ಸೈಕಲ್ಲಿಗೆಂದೇ ಹಾಕಿದ ಡಾಂಬರು ದಾರಿ ಇದೆ. ಕಾರು, ಲಾರಿ ಯಾವುದೂ ಇದರೊಳಗೆ ಬರುವಂತಿಲ್ಲ. ನಗರದ ಕಡೆಯಿಂದ 18 ಕಿಲೋಮೀಟರ್ ಉದ್ದಕ್ಕೆ ಸಾಗುವ ಭಾಗಕ್ಕೆ ಇಲ್ಲಿನವರು 'ಸ್ಟಿಕ್' ಅನ್ನುತ್ತಾರೆ. ಅದರ ತುದಿಗೆ 50 ಕಿಲೋಮೀಟರಿನ 'ಲೂಪ್'. ನಕ್ಷೆಯಲ್ಲಿ ನೋಡಿದರೆ ಸೌಟಿನ ಹಾಗೆ ಕಾಣುತ್ತದೆ. ಹಿಡಿಕೆಯಲ್ಲಿ ಹೋಗಿ, ಬಟ್ಟಲು ಸುತ್ತಿ, ಮತ್ತೆ ಹಿಡಿಕೆಯಲ್ಲೇ ವಾಪಸ್ ಬಂದರೆ 86 ಕಿಲೋಮೀಟರ್.

ಅಷ್ಟೆಲ್ಲ ಆಗದವರು ನೇರವಾಗಿ ಲೂಪಿನ ಬಳಿಯ ಸೈಹ್ ಅಲ್ ಸಲಾಂ ಅನ್ನುವ ಜಾಗದವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಶುರು ಮಾಡಬಹುದು. ಸೈಕಲ್ ಬಾಡಿಗೆಗೆ ಸಿಗುತ್ತದೆ. ಶೌಚಾಲಯ, ಸ್ನಾನದ ಕೋಣೆ ಇವೆ, ಕರಕ್ ಚಹಾ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಹತ್ತು ಕಿಲೋಮೀಟರ್ ಹೊಡೆದು, ಕೆರೆ ನೋಡಿ ಮನೆಗೆ ಹೋಗುತ್ತಾರೆ. ಅದೂ ಒಳ್ಳೆಯ ಬೆಳಗೇ.

ನನಗೆ ಈ ದಾರಿ ತೋರಿಸಿದ್ದು ಆಫೀಸಿನ ಹಿರಿಯ ಸಹೋದ್ಯೋಗಿ. ಉಡುಪಿ ಕಡೆಯವರು. ನಾನು ಅಣ್ಣ ಅಂತಲೇ ಕರೆಯುವುದು. ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ. ಮೊದಲು ಇಲ್ಲಿ ಶುಕ್ರವಾರ ರಜೆ ಇತ್ತು. 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಯಿತು. ಅವರ ಬಾಯಲ್ಲಿ ಈಗಲೂ ಇದು 'ಫ್ರೈಡೇ ರೈಡ್'.

ಮೊದಲ ದಿನ ಅವರು ಕೇಳಿದ್ದು ಒಂದೇ ಮಾತು. "ನೀರು ಎಷ್ಟು ತಂದಿದ್ದೀ ಮಾರಾಯ?" ಒಂದು ಬಾಟಲಿ ಅಂದೆ. ಅವರು ಮಾತಾಡದೆ ತಮ್ಮ ಕಾರಿನಿಂದ ಇನ್ನೆರಡು ತಂದು ಕೊಟ್ಟರು. ಅವತ್ತು ಅದು ಜಾಸ್ತಿ ಅನ್ನಿಸಿತ್ತು. ಅರ್ಥವಾಗಿದ್ದು ಆಮೇಲೆ, ಏಪ್ರಿಲ್ ತಿಂಗಳಲ್ಲಿ ಒಬ್ಬನೇ ಹೋದಾಗ. ಲೂಪಿನ ಆ ಕಡೆಯ ತುದಿಯಲ್ಲಿ ಅಂಗಡಿ ಇಲ್ಲ, ನೆರಳೂ ಇಲ್ಲ. ಒಂಬತ್ತೂವರೆ ಹೊತ್ತಿಗೆ ಎರಡನೇ ಬಾಟಲಿ ಖಾಲಿ ಆಯಿತು. ಇನ್ನೂ ಇಪ್ಪತ್ತು ಕಿಲೋಮೀಟರ್ ಬಾಕಿ. ಬೆವರು ಬಂದದ್ದೇ ತಿಳಿಯುವುದಿಲ್ಲ, ಅಲ್ಲೇ ಆರಿ ಹೋಗಿ ತೋಳಿನ ಮೇಲೆ ಉಪ್ಪು ನಿಲ್ಲುತ್ತದೆ. ತಲೆ ಸುತ್ತಲು ಶುರುವಾದಾಗ ಸೈಕಲ್ ಇಳಿದು ಕೂತೆ. ಹಿಂದಿನಿಂದ ಬಂದ ಫಿಲಿಪ್ಪೀನ್ಸಿನ ಮೂರು ಜನ ನಿಂತು ಒಂದು ಬಾಟಲಿ ನೀರು ಕೊಟ್ಟರು, ಉಪ್ಪಿನ ಮಾತ್ರೆ ಕೊಟ್ಟರು. ನನ್ನನ್ನು ಮಧ್ಯದಲ್ಲಿಟ್ಟುಕೊಂಡು ನಿಧಾನವಾಗಿ ಕರೆದುಕೊಂಡು ಬಂದರು. ಅವರ ಹೆಸರು ಕೂಡ ಕೇಳಿರಲಿಲ್ಲ. ಆ ದಿನದಿಂದ ನನ್ನ ಹತ್ತಿರವೂ ಯಾವಾಗಲೂ ಒಂದು ಬಾಟಲಿ ಹೆಚ್ಚಿಗೆ ಇರುತ್ತದೆ.

ಗಾಳಿಯ ಲೆಕ್ಕವನ್ನೂ ಅಣ್ಣನೇ ಹೇಳಿಕೊಟ್ಟರು. ರಾತ್ರಿ ಮರಳು ಬೇಗ ತಣ್ಣಗಾಗುತ್ತದೆ, ಆಗ ಗಾಳಿ ನೆಲದಿಂದ ಸಮುದ್ರದ ಕಡೆಗೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿದ ಮೇಲೆ ಮರಳು ಕಾಯುತ್ತದೆ, ಗಾಳಿ ತಿರುಗಿ ಸಮುದ್ರದಿಂದ, ವಾಯವ್ಯದಿಂದ ಬರುತ್ತದೆ. ನಗರ ಇರುವುದೂ ಆ ದಿಕ್ಕಿಗೇ. ಅಂದರೆ ತಡ ಮಾಡಿದವರಿಗೆ ಸ್ಟಿಕ್‌ನ ಹದಿನೆಂಟು ಕಿಲೋಮೀಟರೂ ಎದುರು ಗಾಳಿ. ಕಾಲು ಸೋತಿರುವ ಹೊತ್ತಿಗೇ ಸರಿಯಾಗಿ. ಹಾಗಾಗಿ ಇಲ್ಲಿ ಎಲ್ಲರೂ ಕತ್ತಲಲ್ಲೇ ಹೊರಡುತ್ತಾರೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಕಡ್ಡಾಯ.

ನಮ್ಮ ಕಡೆಯಿಂದ ಬರುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಇಲ್ಲಿ ಬಲಗಡೆ ಹೋಗಬೇಕು. ಗೊತ್ತಿದ್ದರೂ ಗಾಬರಿಯಾದಾಗ ಕೈ ತಾನಾಗಿ ಎಡಕ್ಕೆ ತಿರುಗುತ್ತದೆ. ಮೊದಲ ವಾರ ಎದುರಿಗೆ ಒಬ್ಬರು ಬಂದಾಗ ನಾನು ಹಾಗೇ ಮಾಡಿದೆ. ಇಬ್ಬರೂ ಮರಳಿಗೆ ಇಳಿದು ಬಿದ್ದೆವು. ಇಬ್ಬರಿಗೂ ಪೆಟ್ಟಾಗಲಿಲ್ಲ, ಪುಣ್ಯ.

ಕಾರಿನಲ್ಲಿ ಹೋಗುವಾಗ ಮರಳುಗಾಡು ಬರೀ ಖಾಲಿ ಜಾಗದ ಹಾಗೆ ಕಾಣುತ್ತದೆ. ಸೈಕಲ್ಲಿನ ವೇಗಕ್ಕೆ ಅದು ತುಂಬಿಕೊಳ್ಳುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮರಳಿನ ಮೇಲೆ ರಾತ್ರಿ ಓಡಾಡಿದವರ ಹೆಜ್ಜೆಗಳೆಲ್ಲ ಬರೆದಿಟ್ಟ ಹಾಗೆ ಇರುತ್ತವೆ. ಜೀರುಂಡೆಯ ಹೆಜ್ಜೆ ದಾರ ಹೊಲಿದಂತೆ. ಬಿಸಿಲು ಬಂದ ಮೇಲೆ ದಬ್ ಅನ್ನುವ ದಪ್ಪ ಹಲ್ಲಿ ಬಿಲದ ಬಾಯಿಗೆ ಬಂದು ಮೈ ಕಾಯಿಸುತ್ತದೆ, ಅದರ ಬಾಲದ ತುಂಬ ಮುಳ್ಳು. ಕೆರೆಗಳ ಹತ್ತಿರ ಫ್ಲೆಮಿಂಗೊ ಕಾಣುತ್ತವೆ. ಇವು ಮನುಷ್ಯರೇ ತೋಡಿ ಮಾಡಿದ ಕೆರೆಗಳು, ಆದರೆ ವಲಸೆ ಹಕ್ಕಿಗಳಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ನೀರು ನೀರೇ.

ಎಲ್ಲಕ್ಕಿಂತ ನನಗೆ ಇಷ್ಟ ಅರೇಬಿಯನ್ ಓರಿಕ್ಸ್ ಅನ್ನುವ ಹುಲ್ಲೆ. ಬಿಳಿ ಮೈ, ಮುಖದ ಮೇಲೆ ಕಪ್ಪು ಪಟ್ಟೆ, ಈಟಿಯಂಥ ಎರಡು ನೇರ ಕೊಂಬು. ಪಕ್ಕದಿಂದ ನೋಡಿದರೆ ಒಂದೇ ಕೊಂಬಿನ ಹಾಗೆ ಕಾಣುತ್ತದೆ. ಬೇಟೆಯಿಂದಾಗಿ 1972ರ ಹೊತ್ತಿಗೆ ಕಾಡಿನಲ್ಲಿ ಇದರ ಸಂತತಿಯೇ ಮುಗಿದಿತ್ತು. ಸಾಕಿ ಉಳಿಸಿಕೊಂಡಿದ್ದ ಕೆಲವನ್ನು ಬೆಳೆಸಿ, 1982ರಲ್ಲಿ ಒಮಾನಿನ ಮರಳುಗಾಡಿಗೆ ಮತ್ತೆ ಬಿಟ್ಟರು. ಆಮೇಲೆ ಬೇರೆ ಕಡೆಯೂ ಬಿಟ್ಟರು. ಒಮ್ಮೆ ಪೂರ್ತಿ ಅಳಿದುಹೋದದ್ದು ಈಗ ನನ್ನ ಸೈಕಲ್ಲಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಹುಲ್ಲು ತಿನ್ನುತ್ತಿದೆ. ಅದನ್ನು ಕಂಡ ದಿನ ನಾನು ಆಮೇಲೆ ಎಷ್ಟು ವೇಗದಲ್ಲಿ ಹೋದೆ ಅಂತ ನೋಡುವುದೇ ಇಲ್ಲ.

ಇನ್ನು ಮರದ ವಿಷಯ. ದಾರಿಯ ಬದಿಯಲ್ಲಿ, ಕೆರೆಗಳ ಹತ್ತಿರ ಒಂದು ಜಾತಿಯ ಮರ ಜಾಸ್ತಿ. ಸಣ್ಣ ಸಣ್ಣ ಎಲೆ, ಚಿಕ್ಕ ಮುಳ್ಳು, ಇಳಿಬಿದ್ದ ರೆಂಬೆ. ಕೆಳಗಿನ ಅಂಚು ಕತ್ತರಿಸಿದಂತೆ ಸಮ. ಅದು ಒಂಟೆಯ ಬಾಯಿಗೆ ಎಟಕುವ ಎತ್ತರ. ಇಲ್ಲಿ ಅದಕ್ಕೆ ಘಾಫ್ ಅನ್ನುತ್ತಾರೆ. ಈ ದೇಶದ ರಾಷ್ಟ್ರೀಯ ಮರ ಅದು, ಕಡಿಯುವಂತಿಲ್ಲ. ನಾನು ಎರಡು ವರ್ಷ ಅದನ್ನು ಬಳ್ಳಾರಿ ಜಾಲಿ ಅಂದುಕೊಂಡು ಪಕ್ಕದಲ್ಲೇ ಹಾದು ಹೋಗುತ್ತಿದ್ದೆ. ಜಾಲಿಯೂ ಇಲ್ಲಿಗೆ ಬಂದು ಹಬ್ಬಿದೆ, ಹಾಗಾಗಿ ಅನುಮಾನವೇ ಬರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಒಂದು ದಿನ ಸುಮ್ನೆ ಮರಕ್ಕೆ ಸೈಕಲ್ ಒರಗಿಸಿ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಸಂಜೆ ಫೋನ್ ಮಾಡಿದಾಗ ಅವಳು ಸೈಕಲ್ಲಿನ ಮಾತೇ ಎತ್ತಲಿಲ್ಲ.

"ಅಯ್ಯ, ಇದು ಬನ್ನಿ ಅಲ್ಲೇನ? ಎಲಿ ನೋಡು. ಆ ಉಸುಕಿನ್ಯಾಗ ಹ್ಯಾಂಗ ಬಂತಿದು?"

ಹುಡುಕಿ ನೋಡಿದೆ. ಅವಳು ಹೇಳಿದ್ದೇ ಸರಿ. ಅರೇಬಿಯಾದ ಘಾಫ್, ರಾಜಸ್ಥಾನದ ಖೇಜ್ರಿ, ನಮ್ಮ ಬನ್ನಿ, ಎಲ್ಲ ಒಂದೇ ಮರ. ಯಾರೂ ತಂದು ನೆಟ್ಟದ್ದರಿಂದ ಇಲ್ಲಿಗೆ ಬಂದದ್ದಲ್ಲ, ಇದು ಅದರ ಸ್ವಂತ ನೆಲ. ಬೇರು ನೀರನ್ನು ಹುಡುಕಿ 30 ಮೀಟರ್ ಆಳದವರೆಗೂ ಇಳಿಯುತ್ತದೆ. ಮೇಲೆ ಹನಿ ಮಳೆ ಇಲ್ಲದ ವರ್ಷವೂ ಹಸಿರಾಗಿರುವುದು ಅದಕ್ಕೇ. ಹಿಂದೆ ಇಲ್ಲಿನ ಜನ ಇದರ ಎಲೆ ತಿನ್ನುತ್ತಿದ್ದರು, ಒಂಟೆ ಮೇಯಿಸುತ್ತಿದ್ದರು, ನೆರಳಲ್ಲಿ ಕೂಡುತ್ತಿದ್ದರು. ಪಾಂಡವರು ಆಯುಧ ಬಚ್ಚಿಟ್ಟ ಮರ ಅಂತ ನಾವು ಕೈ ಮುಗಿಯುವುದು ಇದಕ್ಕೇ ಅಲ್ವಾ. ಮೈಸೂರಿನ ಜಂಬೂ ಸವಾರಿ ಹೋಗಿ ಮುಟ್ಟುವ ಬನ್ನಿಮಂಟಪದ ಹೆಸರು ಇದರದ್ದೇ.

ಆ ವರ್ಷ ವಿಜಯದಶಮಿ ಶನಿವಾರವೇ ಬಂತು, ಅಕ್ಟೋಬರ್ 12. ಅಣ್ಣ ಮತ್ತು ನಾನು ಕತ್ತಲಲ್ಲಿ ಹೊರಟು, ಬೆಳಕಾಗುವ ಹೊತ್ತಿಗೆ ಆ ಮರದ ಹತ್ತಿರ ನಿಂತೆವು. ಬೋಟಿಮ್‌ನಲ್ಲಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಎಂಟು ಗಂಟೆ, ಅವಳು ಆಗಲೇ ಸ್ನಾನ ಮುಗಿಸಿದ್ದಳು. ಫೋನನ್ನು ಮರದ ಕಡೆ ತಿರುಗಿಸು ಅಂದಳು. ತಿರುಗಿಸಿದೆ. ಅವಳು ಕೈ ಮುಗಿದು ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಮರದಿಂದ ಎಲೆ ಕೀಳಲು ನಮಗೆ ಮನಸ್ಸು ಬರಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಕಡ್ಡಿಯಲ್ಲಿ ಇನ್ನೂ ಹಸಿ ಎಲೆ ಇತ್ತು. ಅದನ್ನೇ ಎರಡು ಪಾಲು ಮಾಡಿದೆ. ಅಣ್ಣನ ಊರಿನಲ್ಲಿ ಬನ್ನಿ ಹಂಚುವ ರೂಢಿ ಇಲ್ಲವಂತೆ, ಏನು ಹೇಳಬೇಕು ಅಂತ ಕೇಳಿದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹೇಳಿಕೊಟ್ಟೆ. ಅವರು ಅದನ್ನು ಕರಾವಳಿಯ ರಾಗದಲ್ಲಿ ಹೇಳಿ ನನ್ನ ಕೈಗೆ ಎಲೆ ಇಟ್ಟರು. ಫೋನಿನಲ್ಲಿ ಅವ್ವ ನಕ್ಕಳು. ದೊಡ್ಡವರ ಕಾಲು ಮುಟ್ಟು ಅಂದಳು. ಸೈಕಲ್ ಶೂ ಹಾಕಿಕೊಂಡಿದ್ದ ಅವರ ಕಾಲು ಮುಟ್ಟಿದೆ.

ಎಲೆಯನ್ನು ಜೆರ್ಸಿಯ ಹಿಂದಿನ ಜೇಬಿಗೆ ಹಾಕಿಕೊಂಡು ಬಾಟಲಿಯಿಂದ ಒಂದೊಂದು ಗುಟುಕು ಕುಡಿದೆವು. ಸೂರ್ಯ ಪೂರ್ತಿ ಮೇಲೆ ಬಂದಿದ್ದ. ಇನ್ನೂ ಮೂವತ್ತು ಕಿಲೋಮೀಟರ್ ಬಾಕಿ ಇತ್ತು. ಗಾಳಿ ತಿರುಗುವುದಕ್ಕೆ ಮೊದಲು ಮುಟ್ಟೋಣ ಅಂತ ಅಣ್ಣ ಮುಂದೆ ಹೊರಟರು.