ಹಳದಿ ದೀಪ ಹತ್ತುವ ಮೊದಲು

ಭಾನುವಾರ, 9 ನವೆಂಬರ್ 2025

ಸಂಜೆ ಅಕ್ಕನ ಮಗ ಬಂದ. ಕೂರುವ ಮೊದಲೇ, "ಮಾವ, ಗಾಡಿ ಎಡ ತಿರುವಲ್ಲಿ ಮಿಸ್ ಹೊಡೀತಿದೆ, ಎಂಜಿನ್ ತಡೆದು ತಡೆದು ಓಡುತ್ತೆ" ಅಂದ. ಮುಖ ಸಪ್ಪಗಿತ್ತು. ಆ ಕೆಂಪು ಎರಡು ಸೀಟಿನ ಕಾರು ಕೊಂಡ ಮೇಲೆ ಅವನ ಮುಖ ನೋಡಿದರೆ ಸಾಕು, ಗಾಡಿ ಹೇಗಿದೆ ಅಂತ ಗೊತ್ತಾಗುತ್ತದೆ.

"ಪೆಟ್ರೋಲ್ ಮುಳ್ಳು ಎಲ್ಲಿತ್ತು?"

"ಕಾಲು ಟ್ಯಾಂಕಿಗಿಂತ ಸ್ವಲ್ಪ ಕೆಳಗೆ. ಪೆಟ್ರೋಲ್ ಕಡಿಮೆ ಅನ್ನೋ ಹಳದಿ ದೀಪ ಹತ್ತಿರಲಿಲ್ಲ. ಇನ್ನೂ 90 ಕಿಲೋಮೀಟರ್ ಹೋಗುತ್ತೆ ಅಂತ ತೋರಿಸ್ತಿತ್ತು."

"ತಿರುವು ಮುಗಿದ ಮೇಲೆ?"

"ಏನೂ ಆಗೇ ಇಲ್ಲ ಅನ್ನೋ ಹಾಗೆ ಎಳೀತು."

"ಬಲ ತಿರುವಲ್ಲಿ?"

"ಇಲ್ಲ. ಎಡಕ್ಕೆ ಮಾತ್ರ. ಅದೂ ಉದ್ದ ತಿರುವಾದ್ರೆ."

"ಪೆಟ್ರೋಲ್ ಕಡಿಮೆಯಾಗಿದೆ ಕಣೋ" ಅಂದೆ. ಅವನಿಗೆ ಸಿಟ್ಟೇ ಬಂತು. ದೀಪವೇ ಹತ್ತಿಲ್ಲ, ಕಡಿಮೆ ಹೇಗಾಗುತ್ತೆ, ನೀವು ಸುಮ್ನೆ ಏನೋ ಹೇಳ್ತೀರಿ ಅಂದ. ಮೇಜಿನ ಮೇಲೆ ನೀರಿನ ಬಾಟಲಿ ಇತ್ತು, ತಳದಲ್ಲಿ ಎರಡು ಬೆರಳಷ್ಟು ನೀರು. ಅದನ್ನು ಅಡ್ಡ ಮಲಗಿಸಿ, ಒಂದು ತುದಿ ಎತ್ತಿದೆ. ನೀರೆಲ್ಲ ಸರ್ರನೆ ಆ ಕಡೆಗೆ ಹೋಯಿತು. ಈ ಕಡೆ ಮುಚ್ಚಳದ ಹತ್ತಿರ ಒಂದೆರಡು ಹನಿ ಬಿಟ್ಟರೆ ಏನಿಲ್ಲ. "ಟ್ಯಾಂಕಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸೋ ನಿನ್ನ ಪಂಪ್ ಇರೋದು ಇಲ್ಲಿ" ಅಂತ ಮುಚ್ಚಳ ತೋರಿಸಿದೆ.

ಸುಮ್ಮನಾದ. ಆದರೆ ಒಪ್ಪಿಲ್ಲ ಅಂತ ಗೊತ್ತಾಯಿತು.

ಸಾಮಾನ್ಯ ಕಾರಿಗೂ ಇವನ ಕಾರಿಗೂ ಇರುವ ವ್ಯತ್ಯಾಸ ಇಲ್ಲೇ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಯಾರೂ ಆ ವೇಗದಲ್ಲಿ ತಿರುವು ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ಟೈರ್ ಇರುವ ಸ್ಪೋರ್ಟ್ಸ್ ಕಾರು ಸುಮಾರು 1 ಜಿ ಬಲ ತಡೆಯುತ್ತದೆ. ಅಂದರೆ ಅದರ ತೂಕದಷ್ಟೇ ಬಲ ಪಕ್ಕಕ್ಕೆ. ಆಗ ಟ್ಯಾಂಕಿನೊಳಗೆ ಪೆಟ್ರೋಲ್ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಟ್ಯಾಂಕ್ ತುಂಬಿದ್ದರೆ ಪರವಾಗಿಲ್ಲ. ಕಾಲು ಭಾಗ ಇದ್ದು, ಟ್ಯಾಂಕೂ ಅಗಲವಾಗಿ ಚಪ್ಪಟೆಯಾಗಿದ್ದರೆ ಇರುವುದೆಲ್ಲ ಒಂದು ಮೂಲೆ ಸೇರುತ್ತದೆ. ಒಳಗೆ ತಡೆಗಳಿರುತ್ತವೆ, ಪಂಪಿನ ಸುತ್ತ ಸಣ್ಣ ಬಟ್ಟಲಿನ ಥರ ಒಂದು ಇರುತ್ತದೆ. ಅದು ಕೆಲವು ಸೆಕೆಂಡಿಗೆ ಸಾಕು. ಉದ್ದ ತಿರುವಿಗೆ ಸಾಲದು. ಪಂಪ್ ಗಾಳಿ ಎಳೆಯುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ.

ನನಗೆ ಹೆದರಿಕೆ ಗಾಡಿ ನಿಂತುಹೋದೀತು ಅಂತಲ್ಲ. ನಿಂತರೆ ನಿಲ್ಲಲಿ, ಬಂಕಿಗೆ ನಡೆದುಕೊಂಡು ಹೋಗಲಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಸಾಲದೆ ಗಾಳಿ ಜಾಸ್ತಿಯಾದರೆ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಪೆಟ್ರೋಲ್ ಹೊತ್ತಬಾರದ ಹಾಗೆ ಹೊತ್ತಿ ಟಕಟಕ ಬಡಿಯುತ್ತದೆ, ಒಳಗೆ ಬಿಸಿ ಏರುತ್ತದೆ. ಪಿಸ್ಟನ್ನೇ ಹೋಗಬಹುದು. ಜೊತೆಗೆ ಪಂಪ್ ಇರುವುದೂ ಪೆಟ್ರೋಲಿನೊಳಗೇ, ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಯಾವಾಗಲೂ ತಳ ಮುಟ್ಟಿಸಿ ಓಡಿಸಿದರೆ ಅದರ ಆಯಸ್ಸೂ ಕಡಿಮೆ.

ಅವನು ಇನ್ನೊಂದು ವಾದ ತೆಗೆದ. "ಪೆಟ್ರೋಲ್ ಕಡಿಮೆಯಾದ್ರೆ ಸ್ಟೀರಿಂಗಲ್ಲೇ ಗೊತ್ತಾಗುತ್ತೆ ಮಾವ, ಗಾಡಿ ಹಗುರಾಗುತ್ತೆ." ಎಲ್ಲೋ ಕೇಳಿದ್ದಾನೆ. ಪೋರ್ಷೆ 911ರಲ್ಲಿ ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ಅದರಲ್ಲಿ ಟ್ಯಾಂಕ್ ಖಾಲಿಯಾದ ಹಾಗೆ ಮೂತಿ ಹಗುರಾಗುತ್ತದೆ, ಕೈ ಪಳಗಿದವರಿಗೆ ಗೊತ್ತಾದೀತು. ಇವನದ್ದು ಎಂಜಿನ್ ಮುಂದೆ, ಟ್ಯಾಂಕ್ ಹಿಂದೆ. ಏನು ಗೊತ್ತಾಗುತ್ತೆ, ಮಣ್ಣು.

ಮುಳ್ಳನ್ನು ಬೈದು ಪ್ರಯೋಜನವಿಲ್ಲ. ಒಳಗೆ ಫ್ಲೋಟ್ ತೇಲುತ್ತದೆ, ಅದರ ಕಡ್ಡಿ ಏರಿಳಿದ ಹಾಗೆ ಮುಳ್ಳು ಆಡಬೇಕು. ಹಾಗೇ ಬಿಟ್ಟರೆ ಪ್ರತಿ ತಿರುವಿಗೂ ಕುಣಿಯುತ್ತದೆ ಅಂತ ಬೇಕೆಂದೇ ನಿಧಾನ ಮಾಡಿರುತ್ತಾರೆ. ಹಾಗಾಗಿ ಪಂಪಿನ ಬಾಯಿ ಒಣಗಿದ ಆ ಮೂರು ಸೆಕೆಂಡಿನ ಸುದ್ದಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಇನ್ನು ಆ 90 ಕಿಲೋಮೀಟರ್ ಲೆಕ್ಕ. ಅದು ಹಿಂದೆ ಓಡಿಸಿದ ರೀತಿ ನೋಡಿ ಹೇಳುವ ಮಾತು. ಹೈವೇಯಲ್ಲಿ ಒಂದೇ ಸ್ಪೀಡಲ್ಲಿ ಬಂದು, ಆಮೇಲೆ ಘಾಟಿ ಹತ್ತಲು ಶುರು ಮಾಡಿದರೆ ಆ ಲೆಕ್ಕ ಯಾವ ಮೂಲೆಗೆ? ಬುಗಾಟಿ ವೇರಾನ್‌ನದು 100 ಲೀಟರ್ ಟ್ಯಾಂಕ್. ಪೂರ್ತಿ ವೇಗದಲ್ಲಿ ಹೋದರೆ ಸುಮಾರು 12 ನಿಮಿಷಕ್ಕೆ ಖಾಲಿ!

ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಪೆಟ್ರೋಲ್ ಮುಳ್ಳೇ ಇರಲಿಲ್ಲ. ಎಂಜಿನ್ ಮಿಸ್ ಹೊಡೆದಾಗ ಕಾಲಲ್ಲಿ ಒದ್ದು ರಿಸರ್ವ್‌ಗೆ ತಿರುಗಿಸುವುದು, ಅಷ್ಟೇ. ಅದೇ ಒಂಥರಾ ನಿಯತ್ತಿನ ವ್ಯವಸ್ಥೆ ಅನಿಸುತ್ತದೆ ನನಗೆ.

"ಸೆನ್ನಾಗೇ ಖಾಲಿಯಾಗಿತ್ತಲ್ಲ ಮಾವ" ಅಂತ ನಕ್ಕ ಕೊನೆಗೆ. 1991, ಸಿಲ್ವರ್‌ಸ್ಟೋನ್. ಫಾರ್ಮುಲಾ ಒನ್ ರೇಸಿನ ಕೊನೇ ಲ್ಯಾಪಲ್ಲಿ ಸೆನ್ನಾ ಪೆಟ್ರೋಲ್ ಮುಗಿದು ನಿಂತ. ಗೆದ್ದ ಮ್ಯಾನ್ಸೆಲ್ ಅವನನ್ನು ತನ್ನ ಕಾರಿನ ಪಕ್ಕದಲ್ಲಿ ಕೂರಿಸಿಕೊಂಡು ಬಂದ. ಆ ಫೋಟೋ ಇವನ ಫೋನ್ ತುಂಬ ಇದೆ. ನಾನೂ ಬಿಡಲಿಲ್ಲ. 2021ರಲ್ಲಿ ಹಂಗೇರಿಯಲ್ಲಿ ವೆಟಲ್ ಎರಡನೆಯವನಾಗಿ ಬಂದ, ರೇಸ್ ಮುಗಿದ ಮೇಲೆ ಪರೀಕ್ಷೆಗೆ 1 ಲೀಟರ್ ಪೆಟ್ರೋಲ್ ಕೊಡಬೇಕಿತ್ತು, ಟ್ಯಾಂಕಿಂದ ತೆಗೆಯಲಾಗಿದ್ದು 0.3 ಲೀಟರ್. ಎರಡನೇ ಸ್ಥಾನ ಹೋಯಿತು. ಅಷ್ಟೊಂದು ಇಂಜಿನಿಯರ್‌ಗಳು, ಎಂಜಿನ್ನಿಗೆ ಎಷ್ಟು ಹರಿಯಿತು ಅಂತ ಅಳೆಯುವ ಮೀಟರ್, ಅಷ್ಟಿದ್ದೂ ಹಾಗಾಯಿತು. ನಿನ್ನ ಹತ್ತಿರ ಇರುವುದು ಒಂದು ಫ್ಲೋಟ್.

ನನ್ನ ಲೆಕ್ಕ ಸುಲಭ. ಎಷ್ಟು ಉಳಿದಿದೆ ಅಂತ ನೋಡಬೇಡ, ಎಷ್ಟು ಹೋಯಿತು ಅಂತ ನೋಡು. ಫುಲ್ ಹಾಕಿಸಿದಾಗ ಟ್ರಿಪ್ ಮೀಟರ್ ಸೊನ್ನೆ ಮಾಡು. ಜೋರಾಗಿ ಓಡಿಸಿದ ದಿನ ಲೀಟರಿಗೆ ಎಷ್ಟು ಕೊಡ್ತು ಅಂತ ಬರೆದಿಡು. ಕಾಲು ಟ್ಯಾಂಕ್ ಅಂದರೆ ನಿನಗೆ ರಿಸರ್ವ್. ಟ್ರ್ಯಾಕಿಗೆ ಹೋಗುವುದಾದರೆ ಅರ್ಧಕ್ಕಿಂತ ಕೆಳಗೆ ಬೇಡ.

"ಫುಲ್ ಇದ್ರೆ ತೂಕ ಮಾವ!" 60 ಲೀಟರ್ ಅಂದರೆ ಸುಮಾರು 45 ಕೆಜಿ. ಅಕ್ಕ ಇವನ ಪಕ್ಕ ಕೂರುವುದನ್ನೇ ಬಿಟ್ಟಿದ್ದಾಳೆ, ಆ ತೂಕ ಉಳಿಯಿತಲ್ಲ ಅಂದೆ. ನಗಲಿಲ್ಲ. ನನಗೂ ಆಮೇಲೆ ಬೇಜಾರಾಯಿತು. ಅಕ್ಕ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ, ನಿಧಾನಕ್ಕೆ ಹೋಗು ಅಂತ ನೀನಾದ್ರೂ ಹೇಳೋ. ನಾನು ಇವತ್ತು ಪೆಟ್ರೋಲ್ ಬಗ್ಗೆಯೇ ಒಂದು ಗಂಟೆ ಮಾತಾಡಿ ಕಳಿಸಿದೆ.

ಬರೆಯುತ್ತಾ ಇನ್ನೊಂದು ಹೊಳೆಯಿತು. ಅವನ ಟ್ಯಾಂಕ್ ನಡುವೆ ಉಬ್ಬಿದೆ, ಕೆಳಗೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಇದೆ. ಹಾಗಾಗಿ ಎರಡು ಗುಂಡಿ. ಪಂಪ್ ಒಂದರಲ್ಲಿ ಮಾತ್ರ. ಇನ್ನೊಂದರಿಂದ ಪೆಟ್ರೋಲ್ ಎಳೆದು ತರುವುದಕ್ಕೆ ಸಣ್ಣ ಜೆಟ್ ಪಂಪ್ ಇರುತ್ತದೆ. ಅದೇ ಕೆಟ್ಟಿದ್ದರೆ? ಎರಡೂ ಕಡೆಯದು ಸೇರಿಸಿ ಮುಳ್ಳು ಕಾಲು ಅಂತ ತೋರಿಸುತ್ತಿರುತ್ತದೆ, ಪಂಪ್ ಇರುವ ಕಡೆ ಬರಿದಾಗಿರುತ್ತದೆ. ಫುಲ್ ಹಾಕಿಸಿ ನೋಡು, ಮಿಸ್ ಹೊಡೆಯದಿದ್ದರೆ ಗಾಡಿ ಸರಿ ಇದೆ ಅಂತ ಹೇಳಿ ಕಳಿಸಿದ್ದೇನೆ. ಜೆಟ್ ಪಂಪ್ ಕೆಟ್ಟಿದ್ದರೂ ಫುಲ್ ಇದ್ದಾಗ ಹೊಡೆಯುವುದಿಲ್ಲ. ಗೊತ್ತಾಗಬೇಕಾದರೆ ಕಾಲಿಗಿಂತ ಕೆಳಗೆ ಬಿಟ್ಟು ನೇರ ರಸ್ತೆಯಲ್ಲೇ ಓಡಿಸಿ ನೋಡಬೇಕು, ಆದರೆ ಇವನಿಗೆ ನೇರ ರಸ್ತೆಯಲ್ಲಿ ನಿಧಾನಕ್ಕೆ ಓಡಿಸು ಅಂದರೆ...