ಕೇದಾರಕಂಠದ ಬೂಟು ಬಾದಾಮಿಯ ಮೆಟ್ಟಿಲು ಕಾಣಬೇಕಿತ್ತು

ಉತ್ತರಾಖಂಡದ ಕೇದಾರಕಂಠ ಶಿಖರದಿಂದ ಇಳಿದು ಬಂದು ಮೂರು ವಾರಗಳಾದರೂ ನನ್ನ ಎರಡೂ ಹೆಬ್ಬೆರಳುಗಳ ಉಗುರು ಕಪ್ಪಾಗಿಯೇ ಇವೆ. ಹೊರಡಲು ಎಂಟು ದಿನ ಉಳಿದಿದ್ದಾಗ ಬಾಗಲಕೋಟೆಯ ಅಂಗಡಿಯೊಂದರಲ್ಲಿ ಬಿಗಿಯಾಗಿದ್ದ ಬೂಟನ್ನು ‘ಹಾಕ್ಕೊಂತ ಹಾಕ್ಕೊಂತ ಸಡ್ಲ ಆಗ್ತಾವ್ರಿ’ ಎಂದು ನಂಬಿಸಿ ನಾಲ್ಕು ಸಾವಿರ ರೂಪಾಯಿಗೆ ಕಟ್ಟಿದರು. ಏರುವಾಗ ಅದು ತೊಂದರೆ ಕೊಡಲಿಲ್ಲ. ಇಳಿಯುವಾಗ ಮಾತ್ರ ಹೆಜ್ಜೆ ಹೆಜ್ಜೆಗೂ ಬೆರಳ ತುದಿ ಬೂಟಿನ ಮೂತಿಗೆ ಬಡಿಯಿತು.

ಅಭ್ಯಾಸವನ್ನೇನೋ ಮಾಡಿದ್ದೆ. ಎರಡು ತಿಂಗಳು ಪ್ರತಿ ರವಿವಾರ ಬಾದಾಮಿಯ ಉತ್ತರ ಕೋಟೆಯ ಬಂಡೆಗಳ ಸಂದಿಯ ಮೆಟ್ಟಿಲುಗಳನ್ನು ಮೇಲಿನ ಶಿವಾಲಯದವರೆಗೆ ನಾಲ್ಕು ನಾಲ್ಕು ಸಲ ಹತ್ತಿಳಿದಿದ್ದೆ, ಆದರೆ ಹಳೆಯ ಕ್ಯಾನ್ವಾಸ್ ಬೂಟಿನಲ್ಲಿ, ಬೆನ್ನಿಗೆ ಚೀಲವಿಲ್ಲದೆ. ನೀವು ಹೊಸ ಬೂಟನ್ನು ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಕೊಳ್ಳಿರಿ. ಆಮೇಲೆ ಏಳೆಂಟು ಕಿಲೋ ತೂಕದ ಚೀಲ ಹೊತ್ತು ಇದೇ ಮೆಟ್ಟಿಲುಗಳನ್ನು ಇಳಿದು ನೋಡಿರಿ. ಚೀಲದಲ್ಲಿ ತಿಂಡಿ ಕಂಡರೆ ಅಲ್ಲಿನ ಮಂಗಗಳು ಬಿಡುವುದಿಲ್ಲ. ಇಳಿದ ಮೇಲೆ ಊರೊಳಗಿನ ಯಾವುದಾದರೂ ಸಣ್ಣ ಖಾನಾವಳಿಗೆ ಹೋಗಿರಿ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ‘ಇನ್ನೊಂದ ಹಾಕಲೇನ್ರಿ’ ಎಂದು ಕೇಳುತ್ತಲೇ ತಟ್ಟೆಗೆ ರೊಟ್ಟಿ ಬಿದ್ದಿರುತ್ತದೆ. ಡೆಹ್ರಾಡೂನಿನಲ್ಲಿ ಒಂದು ರಾತ್ರಿಯ ಕೋಣೆಗೆ ತೆತ್ತ ಹಣದಲ್ಲಿ ಇಂಥ ಹದಿನೈದು ಊಟಗಳಾಗುತ್ತಿದ್ದವು, ಮತ್ತು ಆ ಕೋಣೆಯಲ್ಲಿ ಬಿಸಿನೀರೂ ಇರಲಿಲ್ಲ.

ಬಾದಾಮಿ ಕಲಿಸಲಾರದ್ದು ಒಂದೇ, ಎತ್ತರ. ನಮ್ಮ ಬಾಗಲಕೋಟೆ ಇರುವುದು ಸುಮಾರು 530 ಮೀಟರ್ ಎತ್ತರದಲ್ಲಿ. ಕೇದಾರಕಂಠದ ತುದಿ 3,810 ಮೀಟರ್, ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಸುಮಾರು ಮೂರರಲ್ಲಿ ಎರಡು ಪಾಲು. ನಡುರಾತ್ರಿ ಟೆಂಟಿನಿಂದ ಹೊರಗೆ ಏಳಬೇಕಾಗುತ್ತದೆಂಬ ಅಂಜಿಕೆಯಿಂದ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ, ಎರಡನೆಯ ರಾತ್ರಿ ತಲೆ ಸಿಡಿಯತೊಡಗಿತು. ಮಾರ್ಗದರ್ಶಿಗೆ ಹೇಳಲು ನಾಚಿಕೊಂಡು ಒಂದು ಗಂಟೆ ಸುಮ್ಮನೆ ಮಲಗಿದ್ದು ನನ್ನ ಎರಡನೆಯ ತಪ್ಪು. ತಲೆನೋವಿನ ಜೊತೆಗೆ ವಾಕರಿಕೆಯಿದ್ದರೆ ಮುಂದೆ ಏರಬಾರದು; ನಡೆಯುವಾಗ ಕಾಲು ತಡವರಿಸಿದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಜೊತೆಗಾರರೊಡನೆ ಕೆಳಗೆ ಇಳಿಯಬೇಕು. ಎತ್ತರದ ಬಾಧೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿರಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ತಿಳಿಸಿರಿ.

ಹತ್ತಿಯ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಅಮೀನಗಡದ ಕರದಂಟು ಅವಶ್ಯ ಒಯ್ಯಿರಿ, ಆದರೆ ಒಳಜೇಬಿನಲ್ಲಿ. ಹೊರಗಿನ ಚೀಲದಲ್ಲಿಟ್ಟ ನನ್ನ ತುಂಡು ಬೆಳಗಿನ ಹಿಮದಲ್ಲಿ ಕಲ್ಲಾಗಿ, ಹಲ್ಲಿಗೇ ಜಗ್ಗಲಿಲ್ಲ.

ಬೂಟನ್ನು ಮರಳಿಸಲು ಹೋದಾಗ ‘ಬಳಸಿದ್ದು ವಾಪಸ್ ತಗೊಳ್ಳಂಗಿಲ್ರಿ’ ಎಂದರು. ಈಗ ಅದನ್ನು ನನ್ನ ತಮ್ಮ ಹಾಕಿಕೊಂಡು ಓಡಾಡುತ್ತಿದ್ದಾನೆ. ಅವನಿಗೆ ಅಳತೆ ಸರಿಯಾಗಿದೆ.