ಬಸ್ಸು ಕಾಣಿಸದ ಬಸ್ ಸ್ಟ್ಯಾಂಡ್

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಪುಟ್ಟ ಸಿನಿಮಾದ ಶೂಟಿಂಗ್ ಇಟ್ಟುಕೊಂಡಿದ್ದೆವು. ಮೈಸೂರಲ್ಲಿ ಏಳು ಅಂದರೆ ಮಸ್ಕತ್‌ನಲ್ಲಿರುವ ನನ್ನ ತಮ್ಮನಿಗೆ ಐದೂವರೆ. ಸೆಕೆಂಡ್ ಲೈಫ್ ಒಳಗಿನ ಗಡಿಯಾರದಲ್ಲಿ ಮಾತ್ರ ಇನ್ನೂ ಶುಕ್ರವಾರ ಸಂಜೆ ಆರೂವರೆ. ಅದು ನಡೆಯುವುದು ಅಮೆರಿಕದ ಪಶ್ಚಿಮ ಕರಾವಳಿಯ ಸಮಯಕ್ಕೆ. ಶನಿವಾರ ನಮ್ಮಿಬ್ಬರಿಗೂ ರಜೆ, ಅದಕ್ಕೇ ಆ ದಿನ.

ಸೆಕೆಂಡ್ ಲೈಫ್ 2003ರಿಂದ ಇರುವ ಆನ್‌ಲೈನ್ ಲೋಕ. ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಮಾಡಿದ್ದು. ಅಲ್ಲಿ ಗೆಲ್ಲಬೇಕಾದ ಆಟ ಅಂತ ಏನೂ ಇಲ್ಲ. ಮನೆ, ಮರ, ಬಟ್ಟೆ, ಬಹುಪಾಲು ಎಲ್ಲವನ್ನೂ ಅಲ್ಲಿಗೆ ಬರುವವರೇ ಮಾಡಿಟ್ಟಿದ್ದಾರೆ. ಇಂಥ ಲೋಕದೊಳಗೆ ನಮ್ಮ ಪರವಾಗಿ ಓಡಾಡುವ ಬೊಂಬೆಗಳಾದ ಅವತಾರ್‌ಗಳಿಂದ ನಟನೆ ಮಾಡಿಸಿ, ಸ್ಕ್ರೀನ್ ರೆಕಾರ್ಡ್ ಮಾಡಿ ಸಿನಿಮಾ ಮಾಡುವುದಕ್ಕೆ ಮಷಿನಿಮಾ ಅಂತಾರೆ. 1996ರಲ್ಲಿ ಕ್ವೇಕ್ ಆಡುತ್ತಿದ್ದ ಹುಡುಗರು ಆಟದೊಳಗೇ ಪುಟ್ಟ ಕಥೆಗಳನ್ನು ರೆಕಾರ್ಡ್ ಮಾಡುತ್ತಿದ್ದರು. ನಮ್ಮದೂ ಅದೇ ದಾರಿ, ಭಾಷೆ ಕನ್ನಡ.

ಕಥೆ ಚಿಕ್ಕದು. ಹಳ್ಳಿಯ ಬಸ್ ಸ್ಟ್ಯಾಂಡಲ್ಲಿ ಒಬ್ಬ ಅಜ್ಜಿ ಮಗನಿಗಾಗಿ ಕಾಯುತ್ತಿದ್ದಾಳೆ. ಪಕ್ಕದಲ್ಲಿ ಒಬ್ಬ ಹುಡುಗ. ಬಸ್ಸು ಬರುತ್ತದೆ, ಹೋಗುತ್ತದೆ. ಮಗ ಇಳಿಯುವುದಿಲ್ಲ. ಎಲ್ಲ ಸೇರಿ ನಾಲ್ಕು ನಿಮಿಷ. ಖರ್ಚು 500 ರೂಪಾಯಿ ದಾಟಬಾರದು ಅಂತ ಮೊದಲೇ ಮಾತಾಗಿತ್ತು. ಹಾಗಾಗಿ ಬರೆಯುವಾಗಲೇ ಒಂದೇ ಜಾಗ, ಒಂದೇ ಹೊತ್ತು, ಎರಡೇ ಪಾತ್ರ ಅಂತ ಗೆರೆ ಹಾಕಿಕೊಂಡೆ.

ಅಲ್ಲಿನ ದುಡ್ಡು ಲಿಂಡೆನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಸಿಗುತ್ತದೆ. ಖಾತೆ ತೆರೆಯಲು ದುಡ್ಡು ಬೇಡ. ಪ್ರಿಮ್ ಅನ್ನುವ ಡಬ್ಬಿ, ಕಂಬ, ಗೋಲಗಳನ್ನು ಜೋಡಿಸಿ ಏನು ಬೇಕಾದರೂ ಕಟ್ಟಬಹುದು, ಅದಕ್ಕೂ ದುಡ್ಡಿಲ್ಲ. ಹೊರಗಿನಿಂದ ಒಂದು ಫೋಟೋ ಒಳಗೆ ತರಬೇಕಾದರೆ ಮಾತ್ರ 10 ಲಿಂಡೆನ್ ಡಾಲರ್, ಅಂದರೆ ನಮ್ಮ ಮೂರ್ನಾಲ್ಕು ರೂಪಾಯಿ. ನಮ್ಮ ದುಡ್ಡು ಜಾಸ್ತಿ ಹೋಗಿದ್ದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ. ಅಲ್ಲಿ ಪುಕ್ಕಟೆ ಸಿಗುವ ಗೋಡೆಗಳು ಯಾವುದೋ ಊರಿನ ಇಟ್ಟಿಗೆ ಗೋಡೆಗಳು. ನನಗೆ ಬೇಕಾಗಿದ್ದು ಸುಣ್ಣ ಎದ್ದುಹೋದ, ಕೆಳಗಡೆ ಕೆಮ್ಮಣ್ಣು ಬಳಿದ, ಯಾರೋ ಎಲೆಅಡಿಕೆ ಉಗಿದ ಗೋಡೆ. ನಮ್ಮ ಹಿತ್ತಲ ಗೋಡೆ, ಮಂಗಳೂರು ಹೆಂಚು, ಸವೆದ ಕಲ್ಲುಬೆಂಚು ಎಲ್ಲದರ ಫೋಟೋ ಫೋನಲ್ಲೇ ತೆಗೆದೆ. ಊರಿನ ಹೆಸರಿನ ಹಳದಿ ಬೋರ್ಡನ್ನು ಕೈಯಲ್ಲಿ ಬರೆದು ಅದರ ಫೋಟೋ ಹಾಕಿದೆ. ಆ ಬೋರ್ಡು ನಿಂತ ಮೇಲೆ ಅದು ನಮ್ಮ ಜಾಗ ಆಯಿತು.

ಸೀರೆಯದೇ ದೊಡ್ಡ ಕೆಲಸ. ಅಲ್ಲಿನ ಆನ್‌ಲೈನ್ ಅಂಗಡಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಸೀರೆಗಳೇನೋ ಇವೆ, ಆದರೆ ನಾನು ನೋಡಿದವೆಲ್ಲ ಮದುವೆಮನೆಗೆ ಹೊರಟ ಹಾಗೆ ಮಿರಿಮಿರಿ ಮಿಂಚುವಂಥವು. ಅಲ್ಲಿ ಪ್ರತಿ ವಸ್ತುವಿಗೂ ಕಾಪಿ, ಮಾಡಿಫೈ, ಟ್ರಾನ್ಸ್‌ಫರ್ ಅಂತ ಮೂರು ಅನುಮತಿ ಇರುತ್ತವೆ. ಮಾಡಿಫೈ, ಅಂದರೆ ಬದಲಾಯಿಸುವ ಅನುಮತಿ, ಇರುವುದನ್ನೇ ಹುಡುಕಿ ಕೊಂಡೆ. ಅಮ್ಮನ ಹಳೇ ನೂಲಿನ ಸೀರೆಯನ್ನು ಮಂಚದ ಮೇಲೆ ಹರಡಿ ಫೋಟೋ ತೆಗೆದು ಅದರ ಮೇಲೆ ಹಚ್ಚಿದೆ. ಅಂಚು ಸೊಂಟದ ಕೆಳಗೆ ಓರೆಯಾಗಿ ಬಂತು. ಸರಿ, ಅಜ್ಜಿಯನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸುವುದು ಅಂತಾಯಿತು.

ಸ್ವಂತ ಜಾಗಕ್ಕೆ ತಿಂಗಳ ಬಾಡಿಗೆ ಕೊಡುವ ಶಕ್ತಿ ನಮಗಿಲ್ಲ. ಅದಕ್ಕೆ ಸ್ಯಾಂಡ್‌ಬಾಕ್ಸ್ ಹಿಡಿದೆವು. ಯಾರು ಬೇಕಾದರೂ ಬಂದು ಕಟ್ಟಬಹುದಾದ ಬಯಲು ಅದು, ಕೆಲವು ಗಂಟೆಗಳಾದ ಮೇಲೆ ಕಟ್ಟಿದ್ದೆಲ್ಲ ತಾನಾಗಿ ನಮ್ಮ ಖಾತೆಗೆ ವಾಪಸ್. ಜಾಗದವರನ್ನು ಕೇಳಿ ಶೂಟಿಂಗಿಗೆ ಒಪ್ಪಿಗೆ ತೆಗೆದುಕೊಂಡೆ. ಮಷಿನಿಮಾ ಮಾಡುವವರು ಇದನ್ನು ಬಿಡಬಾರದು. ಬೇರೆಯವರ ಅವತಾರ್ ಗುರುತು ಸಿಗುವ ಹಾಗೆ ಚಿತ್ರದಲ್ಲಿ ಬಂದರೆ ಅವರನ್ನೂ ಕೇಳಬೇಕು. ನೆಲದ ಮಟ್ಟದಲ್ಲಿ ಯಾರದೋ ರಾಕೆಟ್ಟು, ಇನ್ಯಾರದೋ ಅರಮನೆ. ಅದಕ್ಕೆ ಸೆಟ್ಟನ್ನು 2000 ಮೀಟರ್ ಮೇಲೆ ಆಕಾಶದಲ್ಲಿ ನಿಲ್ಲಿಸಿದೆವು. ಅಲ್ಲಿ 4096 ಮೀಟರ್ ಎತ್ತರದವರೆಗೂ ಕಟ್ಟಬಹುದು. ಕೆಳಗೆ ಮಣ್ಣಿನ ಫೋಟೋ ಹಚ್ಚಿದ ಒಂದು ದೊಡ್ಡ ಹಲಗೆ, ಹಿಂದೆ ನಾಲ್ಕು ಮರ. ಕ್ಯಾಮೆರಾದಲ್ಲಿ ಹಳ್ಳಿ. ಹಿಂದಿನ ದಿನವೇ ಎಲ್ಲವನ್ನೂ ಒಟ್ಟಿಗೆ ಜೋಡಿಸಿಟ್ಟಿದ್ದರಿಂದ ಬೆಳಿಗ್ಗೆ ನಿಮಿಷದಲ್ಲಿ ಸೆಟ್ ಎದ್ದು ನಿಂತಿತು.

ಅಜ್ಜಿಯನ್ನು ಆಡಿಸುವವನು ತಮ್ಮ. ಹಳೇ ಲ್ಯಾಪ್‌ಟಾಪಲ್ಲಿ ಇನ್ನೊಂದು ಖಾತೆಯಿಂದ ಹುಡುಗನನ್ನು ಕೂರಿಸಿದವಳು ನಾನೇ. ಕ್ಯಾಮೆರಾ ನನ್ನ ಮುಖ್ಯ ಖಾತೆಯಲ್ಲಿ. ಆ ಲೋಕದೊಳಗೆ ಹೋಗಲು ಫೈರ್‌ಸ್ಟಾರ್ಮ್ ವ್ಯೂವರ್, ರೆಕಾರ್ಡಿಂಗಿಗೆ ಓಬಿಎಸ್, ಎರಡೂ ಪುಕ್ಕಟೆ. ಕಂಟ್ರೋಲ್, ಆಲ್ಟ್, ಎಫ್‌1 ಒತ್ತಿದರೆ ಪರದೆಯ ಮೇಲಿನ ಬಟನ್‌ಗಳೆಲ್ಲ ಮಾಯ. ಕ್ಯಾಮೆರಾ ನಯವಾಗಿ ಓಡಿಸಲು ಬಳಸುವ ತ್ರೀಡಿ ಮೌಸ್ ನಮ್ಮ ಬಜೆಟ್ಟಿಗೆ ಆಗುವುದಲ್ಲ. ಹಾಗಾಗಿ ಕ್ಯಾಮೆರಾ ಅಲ್ಲಾಡಿಸಲೇ ಇಲ್ಲ. ದೂರ ನಿಂತು ಜೂಮ್ ಮಾಡಿದರೆ ಮುಖ ಚೆನ್ನಾಗಿ ಕಾಣುತ್ತದೆ, ಹಿನ್ನೆಲೆಯೂ ಹತ್ತಿರ ಬರುತ್ತದೆ. ದೃಶ್ಯ ತೋರುವ ದೂರವನ್ನು 64 ಮೀಟರಿಗೆ ಇಳಿಸಿದ್ದಕ್ಕೆ ನನ್ನ ಸಾಧಾರಣ ಲ್ಯಾಪ್‌ಟಾಪ್ ನೆರಳುಗಳನ್ನೂ ತಡೆದುಕೊಂಡಿತು.

ಅಲ್ಲಿ ಒಂದು ಹಗಲು ರಾತ್ರಿ ಅಂದರೆ ನಾಲ್ಕೇ ಗಂಟೆ. ಬಿಟ್ಟರೆ ಎರಡು ಶಾಟ್ ಮಧ್ಯದಲ್ಲೇ ನೆರಳು ಜರುಗುತ್ತದೆ. ಸೂರ್ಯನನ್ನು ಸಂಜೆಗೆ ಕಟ್ಟಿಹಾಕಿದೆ. ಅಜ್ಜಿಯ ಕೆನ್ನೆಯ ಮೇಲೆ ಓರೆ ಬಿಸಿಲು ಬಿದ್ದಾಗ ತಮ್ಮ ಆ ಕಡೆಯಿಂದ "ಅಕ್ಕಾ, ಇದು ನಮ್ಮ ಅಜ್ಜಿ ಊರಿನ ಬಿಸಿಲು ಕಣೇ" ಅಂದ.

ಇನ್ನು ಬಸ್ಸು. ಓಡಾಡುವ ಒಳ್ಳೆ ಬಸ್ಸಿಗೆ ನಮ್ಮ ಇಡೀ ಬಜೆಟ್ಟೇ ಹೋಗುತ್ತಿತ್ತು, ಮೇಲಾಗಿ ಅದು ನಮ್ಮ ಕೆಂಪು ಬಸ್ಸಿನ ಹಾಗೆ ಇರುವುದೂ ಇಲ್ಲ. ಬಸ್ಸನ್ನು ತೋರಿಸುವುದೇ ಬೇಡ ಅಂದುಕೊಂಡೆ. ದೂಳು ಏಳುವುದಕ್ಕೆ ಅಲ್ಲಿನ ಸ್ಕ್ರಿಪ್ಟ್ ಭಾಷೆಯಲ್ಲಿ ಕೆಲವು ಸಾಲು ಬರೆದರೆ ಸಾಕು. ಮಿಕ್ಕಿದ್ದು ಶಬ್ದ. ನಗರ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಪೂರ್ತಿ ಫೋನ್ ಹಿಡಿದು ನಿಂತು ಬ್ರೇಕಿನ ಉಸಿರು, ಬಾಗಿಲು ಬಡಿಯುವ ಸದ್ದು, ಕಂಡಕ್ಟರ್ "ರೈಟ್ ರೈಟ್" ಎಲ್ಲ ರೆಕಾರ್ಡ್ ಮಾಡಿಕೊಂಡಿದ್ದೆ. ನನ್ನ ಮಟ್ಟಿಗೆ ಇಂಥ ಚಿತ್ರದ ಜೀವ ಇರುವುದೇ ಇಲ್ಲಿ. ಚಿತ್ರ ಎಷ್ಟೋ ಪುಕ್ಕಟೆ ಸಿಗುತ್ತದೆ, ನಮ್ಮ ಕಿವಿ ಗುರುತಿಸುವ ಸದ್ದನ್ನು ನಾವೇ ಹೋಗಿ ತರಬೇಕು.

ಅಜ್ಜಿಯ ದನಿ ನಮ್ಮ ಅಮ್ಮನದು. ಬೆಡ್‌ಶೀಟ್ ಕಟ್ಟಿದ ಮೂಲೆಯಲ್ಲಿ ಕೂರಿಸಿ, ಫ್ಯಾನ್ ಆರಿಸಿ, ಹಿಂದಿನ ವಾರವೇ ರೆಕಾರ್ಡ್ ಮಾಡಿದ್ದೆ. "ನಾನು ಮಾತಾಡೋದು ಆ ಬೊಂಬೆ ಬಾಯಲ್ಲಿ ಬರುತ್ತಾ?" ಅಂತ ಕೇಳಿದಳು. ಬರುತ್ತದೆ. ವ್ಯೂವರ್‌ನಲ್ಲಿ ಲಿಪ್ ಸಿಂಕ್ ಅನ್ನುವ ಸೌಲಭ್ಯ ಇದೆ. ವಾಯ್ಸ್ ಚಾಟಿನ ದನಿ ಏರಿದ ಹಾಗೆ ಅವತಾರ್ ಬಾಯಿ ತೆರೆಯುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದುವುದಿಲ್ಲ, ಆದರೆ ಪಕ್ಕದಿಂದ ನೋಡಿದರೆ ಸಾಕಷ್ಟಾಯಿತು. ತಮ್ಮ ಅಮ್ಮನ ರೆಕಾರ್ಡಿಂಗನ್ನು ಮೈಕಿನ ಮುಂದೆ ಹಾಕಿದ. "ಇದೇ ಬಸ್ಸಿಗೆ ಬರ್ತೀನಿ ಅಂದಿದ್ದ ಕಣಪ್ಪಾ" ಅಂತ ಅಜ್ಜಿ ಬಾಯಾಡಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಜಾಸ್ತಿ ಹೊತ್ತು ಹಿಡಿದಿದ್ದು ಅಜ್ಜಿ ತಲೆ ತಿರುಗಿಸುವ ಶಾಟ್. ಅವತಾರ್ ತಲೆ ಅದರ ಒಡೆಯ ನೋಡಿದ ಕಡೆ ತಿರುಗುತ್ತದೆ. ಫ್ರೇಮಿನ ಆಚೆ ಎರಡು ಡಬ್ಬಿ ಇಟ್ಟಿದ್ದೆ: ಬಸ್ಸು ಬರುವ ಕಡೆ ಕೆಂಪು, ಹೋಗುವ ಕಡೆ ನೀಲಿ. ಸದ್ದಿಗೆ ಸರಿಯಾಗಿ ಮೊದಲು ಕೆಂಪು ನೋಡಬೇಕು, ಬಾಗಿಲು ಬಡಿದ ಮೇಲೆ ಒಂದು ಉಸಿರು ತಡೆದು ನೀಲಿ. ಆ ಒಂದು ಉಸಿರು ಬೇಗ ಆದರೆ ಅಜ್ಜಿಗೆ ಮೊದಲೇ ಗೊತ್ತಿದ್ದ ಹಾಗೆ ಕಾಣುತ್ತಿತ್ತು, ತಡವಾದರೆ ಬಸ್ಸು ನೋಡಲೇ ಇಲ್ಲ ಅನ್ನಿಸುತ್ತಿತ್ತು. ತಮ್ಮ ಬೇಸರ ಪಡದೆ ಮತ್ತೆ ಮತ್ತೆ ಮಾಡಿದ. ಹತ್ತೂವರೆ ಹೊತ್ತಿಗೆ ಸಿಕ್ಕಿತು.

ಎಡಿಟಿಂಗ್ ಶಾಟ್‌ಕಟ್‌ನಲ್ಲಿ, ಶಬ್ದದ ಕೆಲಸ ಆಡಾಸಿಟಿಯಲ್ಲಿ ಮಾಡಿ ಅಮ್ಮನಿಗೆ ತೋರಿಸಿದೆ. ಪೂರ್ತಿ ನೋಡಿ ಕೇಳಿದಳು: "ಎಲ್ಲಾ ಸರಿ, ಬಸ್ಸು ನಿಂತ್ರೂ ಯಾರೂ ಇಳಿದ ಹಾಗೆ ಕೇಳಲ್ವಲ್ಲೇ? ಬೇರೆಯವರ ಮಕ್ಕಳೆಲ್ಲ ಬರಬೇಕು, ಇವಳ ಮಗ ಮಾತ್ರ ಬರಬಾರದು." ಮಾರನೇ ಸಂಜೆ ಮತ್ತೆ ನಿಲ್ದಾಣಕ್ಕೆ ಹೋಗಿ ಜನ ಇಳಿಯುವ ಗಲಾಟೆ ರೆಕಾರ್ಡ್ ಮಾಡಿಕೊಂಡು ಬಂದೆ. ಅದನ್ನು ಸೇರಿಸಿದ ಮೇಲೆ ಆ ದೃಶ್ಯವನ್ನು ಒಂಬತ್ತು ಸೆಕೆಂಡು ಉದ್ದ ಮಾಡಬೇಕಾಯಿತು.